ಕಾಡುಮೀನು ಎಂಬ ಮಾತು

‘ಟ್ರೋಫಿ ವೈಲ್ಡ್ ಬ್ರೌನ್ ಟ್ರೌಟ್’ ಎಂಬ ನಾಲ್ಕು ಪದಗಳ ಸಮಾಸವೊಂದು ಪಶ್ಚಿಮದ ಗಾಳಗಾರರ ನಾಲಗೆಯ ಮೇಲೆ ಸದಾ ನಲಿಯುತ್ತಿರುತ್ತದೆ. ಈ ಮೀನೊಂದನ್ನು ಹಿಡಿಯುವುದಕ್ಕಾಗಿ ಅವರು ಸಮುದ್ರಗಳನ್ನು ದಾಟಿ ಹೋಗುತ್ತಾರೆ; ವರ್ಷದ ಉಳಿತಾಯವನ್ನು ಒಂದು ವಾರದಲ್ಲಿ ಕರಗಿಸುತ್ತಾರೆ; ಹಿಡಿದ ಮೇಲೆ ಅದನ್ನು ಹಿಡಿದ ನೀರಿಗೇ ಬಿಟ್ಟು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಅಧ್ಯಾಪಕರ ಕೊಠಡಿಯಲ್ಲಿ ನಾನು ಈ ಸಂಗತಿಯನ್ನು ಹೇಳಿದಾಗ ಗೆಳೆಯರೊಬ್ಬರು, “ತಿನ್ನುವುದಾದರೆ ಹಿಡಿಯಲಿ, ಬಿಡುವುದಾದರೆ ಸುಮ್ಮನಿರಲಿ, ಇದೆಂಥ ಹುಚ್ಚು ಸ್ವಾಮಿ!” ಎಂದು ನಕ್ಕರು. ನಮ್ಮವರಲ್ಲಿ ಬಹುಮಂದಿ ಕೊಡುವ ತೀರ್ಪು ಇದೇ. ಇದು ಅವಸರದ ತೀರ್ಪೆಂದು ನನ್ನ ಅಭಿಪ್ರಾಯ. ಆದರೆ ಆ ಗಾಳಗಾರರು ತಮ್ಮ ಬಗೆಗೆ ತಾವೇ ಕೊಟ್ಟುಕೊಂಡಿರುವ ತೀರ್ಪು, ಅಂದರೆ ತಾವು ಪ್ರಕೃತಿಯ ಪರಮಭಕ್ತರೆಂಬ ನಂಬಿಕೆ, ಅದೂ ಅಷ್ಟೇ ಅವಸರದ್ದು. ಎರಡು ತಪ್ಪುಗಳಿಗೂ ಮೂಲ ಆ ಸಮಾಸದ ಮೊದಲ ಎರಡು ಪದಗಳಲ್ಲಿದೆ.

‘ವೈಲ್ಡ್’ ಎಂಬುದಕ್ಕೆ ‘ಕಾಡು’ ಎನ್ನೋಣವೆ? ಕಾಡುಹಂದಿ, ಕಾಡುಕೋಣ, ಕಾಡುಮಲ್ಲಿಗೆ, ಕಾಡುಮಾವು ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ‘ಕಾಡುಮೀನು’ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೊಳೆಮೀನು ಉಂಟು, ಕೆರೆಮೀನು ಉಂಟು, ಮಳೆಗಾಲದ ಆರಂಭದಲ್ಲಿ ಹೊಳೆಯಿಂದ ಗದ್ದೆಗೆ ಏರಿಬರುವ ಹತ್ತುಮೀನು ಉಂಟು. ತೀರ್ಥಹಳ್ಳಿಯ ಕಡೆಯವನಾದ ನನಗೆ ಈ ಹೆಸರುಗಳು ಬಾಲ್ಯದಿಂದ ಪರಿಚಿತ. ನೀರು ಯಾವುದೆಂದು ಹೇಳಿದರೆ ನಮಗೆ ಸಾಕು. ಊರು, ಕಾಡು ಎಂಬ ಗೆರೆಯನ್ನು ನೆಲದ ಮೇಲೆ ಎಳೆದವರು ನೀರಿನೊಳಗೆ ಎಳೆಯಲಿಲ್ಲ. ಇಂಗ್ಲೆಂಡು ಅಮೆರಿಕಗಳಲ್ಲಿಯಾದರೋ ತೊಟ್ಟಿಯಲ್ಲಿ ಹುಟ್ಟಿಸಿ, ಮೇವು ಹಾಕಿ ಬೆಳೆಸಿದ ಮೀನನ್ನು ಹೊಳೆಗೆ ತಂದು ಸುರಿದು, ಹಣ ಕೊಟ್ಟವರಿಂದ ಅದನ್ನೇ ಹಿಡಿಸುವ ಪದ್ಧತಿ ಬೆಳೆಯಿತು. ಆದಕಾರಣ ಹೊಳೆಯಲ್ಲಿಯೇ ಹುಟ್ಟಿ ಬೆಳೆದ ಮೀನಿಗೆ ಒಂದು ಗೌರವದ ವಿಶೇಷಣ ಬೇಕಾಯಿತು. ‘ವೈಲ್ಡ್’ ಎಂದರೆ ಅಷ್ಟೇ: ಈ ಮೀನು ತೊಟ್ಟಿಯದಲ್ಲ. ಅದು ಆ ನಾಡಿನ ಮೂಲವಾಸಿಯೆಂದು ಆ ಪದ ಹೇಳುವುದಿಲ್ಲ. ಈ ಸಣ್ಣ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ.

‘ಟ್ರೋಫಿ’ಯಂತೂ ನಮ್ಮಲ್ಲಿ ಶಾಲೆಯ ವಾರ್ಷಿಕೋತ್ಸವದ ಬೆಳ್ಳಿಬಣ್ಣದ ಬಟ್ಟಲಾಗಿ ಬಂದು ನೆಲೆಸಿಬಿಟ್ಟಿದೆ. ಮೂಲದಲ್ಲಿ ಅದು ಗ್ರೀಕರ ಮಾತು. ತಿರುಗುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಯುದ್ಧದಲ್ಲಿ ಶತ್ರು ಬೆನ್ನು ತಿರುಗಿಸಿದ ಜಾಗದಲ್ಲಿ ಒಂದು ಕಂಬ ನಿಲ್ಲಿಸಿ, ಅವನಿಂದ ಕಸಿದ ಕವಚ ಗುರಾಣಿಗಳನ್ನು ಅದಕ್ಕೆ ತೂಗುಹಾಕುತ್ತಿದ್ದರು, ಅದೇ ಟ್ರೋಫಿ. ನಮ್ಮ ಹಳ್ಳಿಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾವು ಕಲ್ಲು ನೆಟ್ಟದ್ದು ಬಿದ್ದವನ ಹೆಸರಿಗೆ. ಅವರು ಕಂಬ ನೆಟ್ಟದ್ದು ಗೆದ್ದವನ ಹೆಸರಿಗೆ. ನಮ್ಮ ಪೂರ್ವಿಕರು ಹೆಚ್ಚು ಸಜ್ಜನರಾಗಿದ್ದರೆಂದು ಇದರಿಂದ ಸಾಧಿಸಲು ನಾನು ಹೊರಟಿಲ್ಲ. ಸೋತವನನ್ನು ಕೊಳ್ಳೆಹೊಡೆಯುವುದರಲ್ಲಿ ಅವರೇನೂ ಹಿಂದೆ ಬಿದ್ದವರಲ್ಲ. ಮೀನಿನ ವಿಷಯದಲ್ಲಿ ಟ್ರೋಫಿಯೆಂದರೆ ಹಿಂದೆಲ್ಲ ಒಳಗೆ ತುಂಬುಗಟ್ಟಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೀನೇ ಆಗಿತ್ತು. ಈ ಕಲೆಗೆ ನಮ್ಮ ಮೈಸೂರು ಜಗತ್ಪ್ರಸಿದ್ಧವಾಗಿತ್ತೆಂಬುದನ್ನು ಹಿರಿಯರು ಬಲ್ಲರು. ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡು ತೂಕದ ಮಹಸೀರ್ ಮೀನನ್ನು ಗಾಳದಿಂದ ಎತ್ತಿದರು. ಗಾಳದ ಇತಿಹಾಸದಲ್ಲಿ ಅದು ಇಂದಿಗೂ ಹೆಸರುವಾಸಿ. ಈಗ ಕಾಲ ಬದಲಾಗಿದೆ. ಟ್ರೋಫಿಯೆಂದರೆ ಒಂದು ಛಾಯಾಚಿತ್ರ ಮತ್ತು ಒಂದು ಅಂಕಿ. ನ್ಯೂಜಿಲೆಂಡಿನಲ್ಲಿ ಆ ಅಂಕಿ ಹತ್ತು: ಹತ್ತು ಪೌಂಡು ತೂಗಿದರೆ ಟ್ರೋಫಿ, ತೂಗದಿದ್ದರೆ ಬರಿಯ ಮೀನು.

ನ್ಯೂಜಿಲೆಂಡಿನ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ನನ್ನ ತಮ್ಮ ಆ ದೇಶದ ದಕ್ಷಿಣ ದ್ವೀಪದಲ್ಲಿ ಎಂಜಿನಿಯರನಾಗಿ ನೆಲೆಸಿದ್ದಾನೆ. ಅಲ್ಲಿಯ ಗೆಳೆಯರ ಸಹವಾಸದಿಂದ ಈ ವ್ಯಸನ ಅವನಿಗೂ ಅಂಟಿಕೊಂಡಿದೆ. 2023ರ ಜನವರಿಯಲ್ಲಿ, ಅಂದರೆ ಅಲ್ಲಿಯ ನಡುಬೇಸಗೆಯಲ್ಲಿ, ಅವನ ಮನೆಗೆ ಹೋಗಿದ್ದಾಗ ಅವನು ಒಂದು ದಿನಕ್ಕೆ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಂಡು ನನ್ನನ್ನೂ ಓರೆಟಿ ನದಿಯ ಮೇಲ್ಭಾಗಕ್ಕೆ ಕರೆದೊಯ್ದ. ಕೋಲು ಹಿಡಿದವನು ಅವನು, ನಾನು ಪ್ರೇಕ್ಷಕ.

ಈ ಗಾಳದ ಬಗೆಯನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಎರೆಹುಳುವನ್ನು ಸಿಕ್ಕಿಸಿ ನೀರಿಗೆ ಇಳಿಬಿಟ್ಟು ಕೂರುವ ಗಾಳವಲ್ಲ ಇದು. ಉಣ್ಣೆ, ಕೋಳಿಯ ಗರಿ, ಮೊಲದ ತುಪ್ಪುಳ, ರೇಶ್ಮೆಯ ಎಳೆ ಇವುಗಳನ್ನು ಅಕ್ಕಿಕಾಳಿನಷ್ಟು ಚಿಕ್ಕ ಗಾಳಕ್ಕೆ ಸುತ್ತಿ ನೊಣದಂತೆ, ಜೀರುಂಡೆಯಂತೆ, ನೀರಹುಳುವಿನ ಮರಿಯಂತೆ ಕಾಣಿಸುವ ಹುಸಿಹುಳುವನ್ನು ಮಾಡುತ್ತಾರೆ. ಇದಕ್ಕೆ ತೂಕವೆಂಬುದಿಲ್ಲ, ಎಸೆದರೆ ಮುಂದೆ ಹೋಗದು. ಆದ್ದರಿಂದ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಆ ದಪ್ಪ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಹೋಗಿ, ಅದರ ತುದಿಯಲ್ಲಿರುವ ಕಣ್ಣಿಗೆ ಕಾಣದಂಥ ತೆಳುಎಳೆಯನ್ನೂ ಹುಸಿಹುಳುವನ್ನೂ ನೀರಿನ ಮೇಲೆ ಮೆಲ್ಲನೆ ಇಡುತ್ತದೆ. ‘ಎಸೆಯುತ್ತದೆ’ ಎಂದರೆ ತಪ್ಪಾಗುತ್ತದೆ. ‘ಇಡುತ್ತದೆ’ ಎಂಬುದೇ ಸರಿ. ಇದು ಇಂಗ್ಲಿಷರ ಸೃಷ್ಟಿಯೆಂದು ಅವರ ಅಭಿಮಾನಿಗಳು ತಿಳಿದಿದ್ದರೂ, ಸುಮಾರು 1800 ವರ್ಷಗಳ ಹಿಂದೆ ರೋಮಿನ ಈಲಿಯನ್ ಎಂಬ ಗ್ರಂಥಕರ್ತ ಮ್ಯಾಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಎರಡು ಗರಿ ಕಟ್ಟಿ ಚುಕ್ಕೆಮೀನು ಹಿಡಿಯುವುದನ್ನು ವರ್ಣಿಸಿದ್ದಾನೆ. ಗಾಳ ಹಾಕುವುದನ್ನು ಹೊಟ್ಟೆಯ ಪಾಡಿನಿಂದ ಬೇರ್ಪಡಿಸಿ ವಿನೋದಗಳ ಸಾಲಿಗೆ ಸೇರಿಸಿದವರಲ್ಲಿ ನಮ್ಮ ಕಲ್ಯಾಣದ ಅರಸನೂ ಒಬ್ಬ. ಹನ್ನೆರಡನೆಯ ಶತಮಾನದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ, ಕೋಲು, ದಾರ, ಇರೆ, ಮೀನಿನ ಜಾತಿಗಳು ಎಲ್ಲವನ್ನೂ ಅವನು ಶಾಸ್ತ್ರಕಾರನ ಶ್ರದ್ಧೆಯಿಂದ ಬರೆದಿದ್ದಾನೆ. ಆದ್ದರಿಂದ ಇದು ಬಿಳಿಯರ ಹುಚ್ಚು ಮಾತ್ರವೆನ್ನುವ ನಮ್ಮ ಗೆಳೆಯರು ಕಲ್ಯಾಣದ ಕಡೆಗೂ ಒಮ್ಮೆ ತಿರುಗಿ ನೋಡುವುದು ಲೇಸು.

ಓರೆಟಿಯ ಮೇಲ್ಕಣಿವೆ ಮರಗಳು ಕಡಮೆಯಾದ, ಹೊಂಬಣ್ಣದ ಜೊಂಡುಹುಲ್ಲಿನ ನಾಡು. ನೀರು ಹರಳಿನಷ್ಟು ತಿಳಿ. ಆಳಿನೆತ್ತರದ ಮಡುವಿನಲ್ಲಿಯೂ ತಳದ ಕಲ್ಲುಗಳನ್ನು ಎಣಿಸಬಹುದು. ಆ ತಿಳಿಯೇ ಗಾಳಗಾರನಿಗೆ ಕಷ್ಟ. ಅವನಿಗೆ ಮೀನು ಕಾಣುವಂತೆ ಮೀನಿಗೆ ಅವನೂ ಕಾಣುತ್ತಾನೆ. ಟ್ರೌಟು ಯಾವಾಗಲೂ ಹರಿವಿಗೆ ಮುಖಕೊಟ್ಟು ನಿಂತು, ಹರಿದುಬರುವ ಹುಳುಗಳನ್ನು ತಿನ್ನುವ ಮೀನು. ಆದಕಾರಣ ಅದರ ಬೆನ್ನ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ, ಹೆಜ್ಜೆಯ ಸದ್ದು ಕಲ್ಲಿಗೆ ತಾಗದಂತೆ ನಡೆಯಬೇಕು. ನಮ್ಮ ಮಾರ್ಗದರ್ಶಿ ಅರುವತ್ತು ದಾಟಿದ, ಮಿತಭಾಷಿಯಾದ ಮನುಷ್ಯ. ಬೆಳಗಿನಿಂದ ಮಧ್ಯಾಹ್ನದವರೆಗೆ ನಾವು ನಾಲ್ಕಾರು ಮೈಲಿ ನಡೆದೆವು. ಕಂಡ ಮೀನುಗಳು ಮೂರು. ಕಪ್ಪುನೊಣಗಳು ಕೈ ಕುತ್ತಿಗೆಗಳನ್ನು ಕಚ್ಚಿ ಊದಿಸಿದ್ದವು. ಎರಡು ಮೀನುಗಳು ನಮ್ಮ ನೆರಳಿಗೇ ಬೆದರಿ ಮಾಯವಾದವು. ಮೂರನೆಯದು ಒಂದು ಬಂಡೆಯ ಪಕ್ಕದಲ್ಲಿ ನಿಂತಿತ್ತು. ಮೊದಲು ನನಗೆ ಕಂಡದ್ದು ಬರಿಯ ಕಲ್ಲು. “ಬಾಲವನ್ನು ನೋಡಬೇಡಿ, ಕಲ್ಲುಗಳಲ್ಲಿ ಯಾವುದು ಅಲ್ಲಾಡುತ್ತದೆಂದು ನೋಡಿ” ಎಂದರು ಅವರು. ಹಾಗೆ ನೋಡಿದಾಗ ಕಲ್ಲುಗಳಲ್ಲೊಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು.

ನಾವು ಮಂಡಿಯೂರಿ ಕುಳಿತು ಅದನ್ನು ಅರ್ಧ ಗಂಟೆ ನೋಡಿದೆವು. ಕೋಲನ್ನು ಯಾರೂ ಮುಟ್ಟಲಿಲ್ಲ. ಯಾವ ಹುಳು ಹರಿದುಬರುತ್ತಿದೆ, ಮೀನು ಅದನ್ನು ನೀರಿನ ಮೇಲೆ ತಿನ್ನುತ್ತಿದೆಯೇ ಒಳಗೆ ತಿನ್ನುತ್ತಿದೆಯೇ, ಎಷ್ಟು ಹೊತ್ತಿಗೊಮ್ಮೆ ತಿರುಗುತ್ತಿದೆ—ಇದು ಅವರ ಪರಿಶೀಲನೆ. ಹಳೆಗನ್ನಡದ ಒಂದು ಕ್ಲಿಷ್ಟ ಪದ್ಯದ ಮುಂದೆ ಅನ್ವಯ ಸಿಗದೆ ಕೂತ ವಿದ್ಯಾರ್ಥಿಯನ್ನು ನಾನು ಬಲ್ಲೆ. ಆದರೆ ಅವನಿಗೆ ಇಷ್ಟು ಸಹನೆಯಿರುವುದನ್ನು ನಾನು ಅಪರೂಪವಾಗಿ ಕಂಡಿದ್ದೇನೆ. ಈ ವಿದ್ಯೆಯಲ್ಲಿ ಗೌರವಕ್ಕೆ ಅರ್ಹವಾದುದು ಏನಾದರೂ ಇದ್ದರೆ ಅದು ಈ ಅರ್ಧ ಗಂಟೆಯೇ. ತಮ್ಮ ಮೊದಲು ಜೀರುಂಡೆಯನ್ನು ಹೋಲುವ ತೇಲುಹುಳುವನ್ನು ಇಟ್ಟ, ಮೀನು ಲಕ್ಷಿಸಲಿಲ್ಲ. ಆಮೇಲೆ ನೀರೊಳಗೆ ಮುಳುಗುವ ಸಣ್ಣ ಕಂದುಹುಳು. ನಾಲ್ಕು ಸಲ ಅದು ಪಕ್ಕದಲ್ಲಿಯೇ ಹಾದುಹೋಯಿತು. ಐದನೆಯ ಸಲ ಮೀನು ಬಲಕ್ಕೆ ತಿರುಗಿತು. ಬಾಯೊಳಗಿನ ಬಿಳುಪು ಒಂದು ಕ್ಷಣ ಮಿಂಚಿತು. ಮುಂದಿನ ಹತ್ತು ನಿಮಿಷ ನಡೆದುದನ್ನು ವರ್ಣಿಸುವ ಉತ್ಸಾಹ ನನಗಿಲ್ಲ. ಅದು ದೊಡ್ಡ ಪ್ರಾಣಿಯೊಂದು ತನಗಿಂತ ಚಿಕ್ಕ ಪ್ರಾಣಿಯನ್ನು ದಣಿಸುವ ವ್ಯಾಪಾರ. ಕೊನೆಗೆ ಬಲೆಯೊಳಗೆ ಬಂದ ಮೀನು ಮಾತ್ರ ಅದ್ಭುತವಾಗಿತ್ತು: ಬೆಣ್ಣೆ ಕಾಸಿದಂಥ ಹಳದಿ ಹೊಟ್ಟೆ, ಮೈಮೇಲೆಲ್ಲ ಕಪ್ಪುಚುಕ್ಕೆ, ನಡುನಡುವೆ ಬಿಳಿಯ ಬಳೆ ತೊಟ್ಟ ಕೆಂಪುಚುಕ್ಕೆ. ಬಲೆಯ ಹಿಡಿಯಲ್ಲಿಯೇ ತಕ್ಕಡಿ ಇತ್ತು. ಒಂಬತ್ತೂ ಮುಕ್ಕಾಲು ಪೌಂಡು.

“ಅಣ್ಣ, ಇನ್ನು ಕಾಲು ಪೌಂಡು!” ಎಂದ ತಮ್ಮ. ಐವತ್ತೊಂಬತ್ತೂವರೆ ಅಂಕ ಬಂದು ಪ್ರಥಮ ದರ್ಜೆ ತಪ್ಪಿದ ವಿದ್ಯಾರ್ಥಿಯ ಮುಖವನ್ನು ಉಪಾಧ್ಯಾಯರೆಲ್ಲ ನೋಡಿರುತ್ತಾರೆ, ಅದೇ ಮುಖ. ಕಣ್ಣೆದುರಿಗೆ ಅಂಥ ಚೆಲುವು ನೀರಿನಲ್ಲಿ ಉಸಿರಾಡುತ್ತಿರುವಾಗ ತಕ್ಕಡಿಯ ಮುಳ್ಳು ಅದನ್ನು ಮರೆಮಾಡಿಬಿಟ್ಟಿತು. ‘ಟ್ರೋಫಿ’ ಎಂಬ ಪದದ ಮೇಲೆ ನನಗಿರುವ ಮೊದಲ ಆಕ್ಷೇಪ ಇದು: ಅರ್ಧ ಗಂಟೆ ಮೀನನ್ನು ನೋಡಲು ಕಲಿಸಿದ ವಿದ್ಯೆಯೇ ಕೊನೆಯ ಅರ್ಧ ನಿಮಿಷದಲ್ಲಿ ಮೀನನ್ನು ಬಿಟ್ಟು ಅಂಕಿಯನ್ನು ನೋಡುವಂತೆ ಮಾಡುತ್ತದೆ. ಮಾರ್ಗದರ್ಶಿ ಮಾತ್ರ ನಿರ್ವಿಕಾರವಾಗಿ ಮೀನಿನ ಮುಖವನ್ನು ಹರಿವಿಗೆ ತಿರುಗಿಸಿ, ಅದು ತಾನಾಗಿ ಬಾಲ ಬೀಸುವವರೆಗೂ ನೀರಿನಲ್ಲಿ ಹಿಡಿದುಕೊಂಡಿದ್ದರು.

ಬುತ್ತಿ ಬಿಚ್ಚಿದಾಗ ನಾನು ಅವರನ್ನು ಒಂದು ಪ್ರಶ್ನೆ ಕೇಳಿದೆ: “ಟ್ರೌಟು ಬರುವ ಮೊದಲು ಈ ಹೊಳೆಯಲ್ಲಿ ಯಾವ ಮೀನಿತ್ತು?” ಅವರು ಸ್ವಲ್ಪ ಯೋಚಿಸಿ, “ಹಾವುಮೀನಿತ್ತು, ಈಗಲೂ ಇದೆ. ಸಣ್ಣ ಮೀನುಗಳೂ ಇದ್ದವು. ಅವುಗಳ ಹೆಸರು ನನಗೆ ತಿಳಿಯದು” ಎಂದರು. ಆ ಹೊಳೆಯ ಪ್ರತಿಯೊಂದು ಮಡುವನ್ನೂ ಬಲ್ಲವರು ಅವರು. ಇಂಥ ಪ್ರಾಮಾಣಿಕ ಉತ್ತರವನ್ನು ಕೊಟ್ಟುದಕ್ಕೆ ಅವರ ಮೇಲೆ ನನಗೆ ಗೌರವವೇ ಇದೆ. ಆದರೆ ಆ ಉತ್ತರದಲ್ಲಿ ಒಂದು ನಾಡಿನ ಚರಿತ್ರೆ ಅಡಗಿದೆ.

ಕಂದು ಟ್ರೌಟಿನ ತವರು ಯೂರೋಪು ಮತ್ತು ಅದರ ಆಸುಪಾಸಿನ ಸೀಮೆ. ದಕ್ಷಿಣಾರ್ಧ ಗೋಳದಲ್ಲಿ ಅದು ಎಲ್ಲಿಯೂ ಇರಲಿಲ್ಲ. 1864ರ ಜನವರಿಯಲ್ಲಿ ಇಂಗ್ಲೆಂಡಿನಿಂದ ‘ನಾರ್ಫೋಕ್’ ಎಂಬ ಹಾಯಿಹಡಗು ಆಸ್ಟ್ರೇಲಿಯಕ್ಕೆ ಹೊರಟಾಗ, ಅದರ ಹೊಟ್ಟೆಯಲ್ಲಿ ಮಂಜುಗಡ್ಡೆಯ ನಡುವೆ, ಹಾವಸೆಯ ಹಾಸಿಗೆಯ ಮೇಲೆ ಮೀನಿನ ಮೊಟ್ಟೆಗಳು ಪ್ರಯಾಣ ಮಾಡಿದವು. ಮುಖ್ಯ ಸರಕು ಸಾಲ್ಮನ್ ಮೀನಿನ ಮೊಟ್ಟೆ. ಅದರ ಜೊತೆಗೆ ಟ್ರೌಟಿನ ಕೆಲವು ಸಾವಿರ ಮೊಟ್ಟೆಗಳನ್ನು ಸೇರಿಸಿದ್ದರು. ಸುಮಾರು ಮೂರು ತಿಂಗಳು ಉಷ್ಣವಲಯವನ್ನು ದಾಟಿ ಟಾಸ್ಮೇನಿಯ ತಲಪಿ, ಮೇ 4ರಂದು ಮೊದಲ ಟ್ರೌಟ್ ಮರಿ ಮೊಟ್ಟೆಯೊಡೆಯಿತು. ಇಷ್ಟು ಆಸೆಯಿಂದ ತಂದ ಸಾಲ್ಮನ್ ಸಮುದ್ರಕ್ಕೆ ಹೋದದ್ದು ಹಿಂದಿರುಗಿ ಬರಲಿಲ್ಲ. ಪಕ್ಕವಾದ್ಯವಾಗಿ ಬಂದ ಟ್ರೌಟು ನೆಲೆಯೂರಿತು. 1867ರಲ್ಲಿ ಅಲ್ಲಿಂದ ಮೊಟ್ಟೆಗಳು ನ್ಯೂಜಿಲೆಂಡಿಗೆ ಹೋದವು. ಕಾಶ್ಮೀರದ ಹೊಳೆಗಳಿಗೂ 1900ರ ಸುಮಾರಿಗೆ ಸ್ಕಾಟ್ಲೆಂಡಿನಿಂದ ಇದೇ ಮೀನು ಬಂದಿತು.

ಈ ಸಾಹಸದ ಹಿಂದೆ ಇದ್ದದ್ದು ತವರಿನ ಹಂಬಲವೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಒಳ್ಳೆಯ ಟ್ರೌಟು ಹೊಳೆಗಳು ಜಮೀನುದಾರರ ಸ್ವತ್ತಾಗಿದ್ದವು. ಬಡವ ಗಾಳ ಹಾಕಿದರೆ ಕಳ್ಳನೆನಿಸಿಕೊಳ್ಳುತ್ತಿದ್ದ. ಹೊಸ ನಾಡಿಗೆ ಹೋದವರು ಅಲ್ಲಿ ಹಾಗಾಗಬಾರದೆಂದು ಬಯಸಿದರು. ಇಂದಿಗೂ ನ್ಯೂಜಿಲೆಂಡಿನಲ್ಲಿ ಪರವಾನಗಿ ಕೊಂಡ ಯಾರೂ ಟ್ರೌಟು ಹಿಡಿಯಬಹುದು; ಅದನ್ನು ಮಾರುವುದು ಮಾತ್ರ ಕಾನೂನಿಗೆ ವಿರುದ್ಧ. ಹಿಡಿದವನು ತಿನ್ನಬಹುದು, ನೆರೆಯವನಿಗೆ ಕೊಡಬಹುದು, ಹೋಟೆಲಿನವನಿಗೆ ಮಾರುವಂತಿಲ್ಲ. ಎಲ್ಲಕ್ಕೂ ಬೆಲೆಚೀಟಿ ಅಂಟಿಸುವ ಈ ಯುಗದಲ್ಲಿ ಒಂದು ಮೀನನ್ನು ಅಂಗಡಿಗೆ ಹೋಗದಂತೆ ಕಾಪಾಡಿರುವ ಆ ಕಾನೂನನ್ನು ನಾನು ಮೆಚ್ಚುತ್ತೇನೆ.

ನೂರೈವತ್ತು ವರ್ಷ ಒಂದೇ ಹೊಳೆಯಲ್ಲಿ ಹುಟ್ಟಿ ಸತ್ತ ಮೀನನ್ನು ಇನ್ನೂ ಪರದೇಶಿಯೆನ್ನುವುದು ನ್ಯಾಯವೇ ಎಂದು ಕೇಳುವವರುಂಟು. ಪ್ರಶ್ನೆ ಸರಿಯಾದದ್ದು. ನಮ್ಮ ಮೆಣಸಿನಕಾಯಿಯನ್ನೇ ನೋಡಿ. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದ ಈ ಕಾಯಿ ನಮ್ಮ ಮೆಣಸಿನ ಹೆಸರನ್ನು ತಾನು ತೊಟ್ಟುಕೊಂಡಿತು. ಬ್ಯಾಡಗಿಯ ಬಣ್ಣವಿಲ್ಲದೆ ಇಂದು ನಮ್ಮ ಸಾರಿಲ್ಲ. ಅದನ್ನು ಪರದೇಶಿಯೆಂದರೆ ಬ್ಯಾಡಗಿಯವರು ನಮ್ಮನ್ನು ಸುಮ್ಮನೆ ಬಿಡಲಾರರು. ಆದರೆ ಅದೇ ಅಮೆರಿಕದಿಂದ ತೋಟದ ಅಲಂಕಾರಕ್ಕೆಂದು ಬಂದ ಲಂಟಾನವೂ ಇದೆ. ಬಂಡೀಪುರದ ಕಾಡಿನಲ್ಲಿ ಜಿಂಕೆ ಮೇಯುವ ಹುಲ್ಲನ್ನು ಮುಚ್ಚಿ ಅದು ಹಬ್ಬಿರುವುದನ್ನು ನೋಡಿದವರು, ‘ಬಂದು ಬಹಳ ವರ್ಷವಾಯಿತು, ಈಗ ನಮ್ಮದೇ’ ಎನ್ನುವುದಿಲ್ಲ. ಟ್ರೌಟಿನ ತೊಡಕೆಂದರೆ, ಅದು ಮೆಣಸಿನಕಾಯಿಯೂ ಹೌದು, ಲಂಟಾನವೂ ಹೌದು. ಜಗತ್ತಿನ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳೆಂದು ತಜ್ಞರು ಮಾಡಿರುವ ಪಟ್ಟಿಯಲ್ಲಿ ಲಂಟಾನದ ಜೊತೆಗೆ ಕಂದು ಟ್ರೌಟಿನ ಹೆಸರೂ ಇದೆ.

ಮಾರ್ಗದರ್ಶಿಗೆ ಹೆಸರು ತಿಳಿಯದಿದ್ದ ಆ ಸಣ್ಣ ಮೀನುಗಳು ಗ್ಯಾಲಾಕ್ಸಿಯಸ್ ಎಂಬ ಕುಲದವು. ಮೈಗೆ ಹುರುಪೆಯಿಲ್ಲ, ಕಪ್ಪುಚರ್ಮದ ಮೇಲೆ ಹೊನ್ನಿನ ಚುಕ್ಕೆಗಳು ಚೆಲ್ಲಿರುವುದನ್ನು ಕಂಡು ಆಕಾಶಗಂಗೆಯ ಹೆಸರನ್ನೇ ಅವುಗಳಿಗೆ ಇಟ್ಟರು. ಹೆಚ್ಚಿನವು ಗೇಣುದ್ದವೂ ಬೆಳೆಯವು. ಓರೆಟಿ ಹರಿಯುವ ಸೌತ್‌ಲ್ಯಾಂಡ್ ಪ್ರಾಂತದಲ್ಲಿ ಇರುವ ಒಂದು ಜಾತಿಗೆ ವಿಜ್ಞಾನಿಗಳು ಹೆಸರಿಟ್ಟದ್ದು 1999ರಲ್ಲಿ. ಅದರ ದೊಡ್ಡ ಕಣ್ಣುಗಳನ್ನು ನೋಡಿ, ಟೋಲ್ಕಿನ್ ಸೃಷ್ಟಿಸಿದ ಗಾಲಮ್ ಎಂಬ ಪಾತ್ರದ ಹೆಸರನ್ನು ಕೊಟ್ಟರು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಮೋಜಿನ ಸಂಗತಿಯಾಗಿ ಕಾಣಬಹುದು. ಆದರೆ ಮೀನು ಹಿಡಿಯುವ ಜನ ನೂರಾರು ವರ್ಷಗಳಿಂದ ಓಡಾಡಿದ ನೆಲದಲ್ಲಿ ಒಂದು ಜಾತಿಯ ಮೀನು ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ಶಾಸ್ತ್ರದ ಹೆಸರಿಲ್ಲದೆ ಬದುಕಿತ್ತೆಂದರೆ ಅದನ್ನು ಯಾರೂ ಸರಿಯಾಗಿ ನೋಡಲಿಲ್ಲವೆಂದೇ ಅರ್ಥ. ಪಕ್ಕದ ಒಟಾಗೋ ಪ್ರಾಂತದ ತೈಯರಿ ನದಿಯಲ್ಲಿ ಮಾಡಿದ ಒಂದು ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಟ್ರೌಟಿರುವ ತೊರೆಗಳಲ್ಲಿ ಗ್ಯಾಲಾಕ್ಸಿಯಸ್ ಬಹುಮಟ್ಟಿಗೆ ಇಲ್ಲ. ಅದು ಉಳಿದಿರುವುದು ಟ್ರೌಟು ಹತ್ತಲಾರದ ಜಲಪಾತಗಳ ಮೇಲ್ಗಡೆ. ಬೆಟ್ಟದ ನೆತ್ತಿಯ ಕೋಟೆಗಳಲ್ಲಿ ಸೇರಿಕೊಂಡ ಪಾಳೆಯಗಾರರಂತೆ ಅವು ಅಲ್ಲಿ ಉಳಿದುಕೊಂಡಿವೆ.

ಇನ್ನೊಂದು ಮೀನು ಅಷ್ಟೂ ಉಳಿಯಲಿಲ್ಲ. ಮಾವೊರಿಗಳು ಉಪೊಕೊರೊರೊ ಎಂದು ಕರೆಯುತ್ತಿದ್ದ, ಒಂದು ಕಾಲಕ್ಕೆ ಬುಟ್ಟಿಗಟ್ಟಲೆ ಹಿಡಿಯುತ್ತಿದ್ದ ಮೀನು ಅದು. ಕಾಡು ಕಡಿದದ್ದೂ ಕಾರಣ, ಟ್ರೌಟೂ ಕಾರಣ. ಟ್ರೌಟು ಸೇರದ ಕೆಲವು ಹೊಳೆಗಳಲ್ಲಿಯೂ ಅದು ಇಲ್ಲವಾಯಿತೆಂಬುದನ್ನು ನ್ಯಾಯವಾಗಿ ಹೇಳಬೇಕು. 1930ರ ದಶಕದ ಹೊತ್ತಿಗೆ ಅದು ಕಣ್ಮರೆಯಾಯಿತು. ಕಾನೂನಿನ ಪೂರ್ಣರಕ್ಷಣೆ ಅದಕ್ಕೆ ದೊರೆತದ್ದು 1950ರ ದಶಕದಲ್ಲಿ. ಹಾವುಮೀನಿನ ಕಥೆ ಬೇರೆ. ಎಂಬತ್ತು ವರ್ಷ ಹೊಳೆಯಲ್ಲಿ ಬಾಳಿ, ಕೊನೆಗೊಮ್ಮೆ ಮಾತ್ರ ದೂರದ ಸಾಗರಕ್ಕೆ ಹೋಗಿ ಮೊಟ್ಟೆಯಿಟ್ಟು ಸಾಯುವ ಆ ಪ್ರಾಣಿಯನ್ನು, ಅದು ಟ್ರೌಟನ್ನು ತಿನ್ನುತ್ತದೆಂಬ ಕಾರಣಕ್ಕೆ, ಟ್ರೌಟಿನ ಅಭಿಮಾನಿಗಳ ಸಂಘಗಳು ಸಾಮೂಹಿಕವಾಗಿ ಕೊಲ್ಲಿಸಿದ ಕಾಲವೊಂದಿತ್ತು. ಮನೆಯವನು ಅತಿಥಿಯನ್ನು ಕಚ್ಚಿದನೆಂದು ಮನೆಯವನಿಗೆ ಶಿಕ್ಷೆ!

ಹಾಗಾದರೆ ಟ್ರೌಟನ್ನೂ ಅದರ ಭಕ್ತರನ್ನೂ ಹೊರಗೆ ಹಾಕಬೇಕೆ? ನಾನು ಹಾಗೆನ್ನಲಾರೆ. ಅವರ ಪ್ರೀತಿ ಕುರುಡಲ್ಲ, ಒಕ್ಕಣ್ಣಿನದು. ಇರುವ ಒಂದು ಕಣ್ಣು ಬಹಳ ಚೂಪು. ನ್ಯೂಜಿಲೆಂಡಿನಲ್ಲಿ ಹೈನುಗಾರಿಕೆ ಬೆಳೆದು ದನಗಳ ಮಲಮೂತ್ರವೂ ಗೊಬ್ಬರವೂ ಹೊಳೆಗೆ ಸೇರತೊಡಗಿದಾಗ, 2000ದ ದಶಕದ ಆರಂಭದಲ್ಲಿ ಅದರ ವಿರುದ್ಧ ದೊಡ್ಡ ದನಿಯಲ್ಲಿ ಕೂಗಿದವರಲ್ಲಿ ಗಾಳದ ಪರವಾನಗಿಯ ಹಣದಿಂದ ನಡೆಯುವ 'ಫಿಶ್ ಅಂಡ್ ಗೇಮ್' ಸಂಸ್ಥೆ ಮುಂದೆ ಇತ್ತು. ಓರೆಟಿ ನದಿಗೆ 2008ರಲ್ಲಿ ಜಲಸಂರಕ್ಷಣೆಯ ವಿಶೇಷ ಆಜ್ಞೆ ದೊರೆತಾಗ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಕಂದು ಟ್ರೌಟಿನ ನೆಲೆಯೂ ಒಂದು. ಟ್ರೌಟಿಗಾಗಿ ತಿಳಿಯಾಗಿಟ್ಟ ನೀರು ಹಾವುಮೀನಿಗೂ ತಿಳಿಯೇ. ತೊಡಕಿರುವುದು ವ್ಯವಸ್ಥೆಯಲ್ಲಿ. ಬೇಟೆಯ ಮೀನನ್ನು ನೋಡಿಕೊಳ್ಳುವುದು ಒಂದು ಸಂಸ್ಥೆ, ನಾಡಮೀನನ್ನು ನೋಡಿಕೊಳ್ಳುವುದು ಬೇರೊಂದು ಇಲಾಖೆ. ಟ್ರೌಟಿನ ಪರವಾಗಿ ಪರವಾನಗಿ ಕೊಳ್ಳುವವರಿದ್ದಾರೆ. ಗೇಣುದ್ದದ ಗ್ಯಾಲಾಕ್ಸಿಯಸ್ ಪರವಾಗಿ ಯಾರೂ ಪರವಾನಗಿ ಕೊಳ್ಳುವುದಿಲ್ಲ. ಒಟಾಗೋದ ಕೆಲವು ತೊರೆಗಳಲ್ಲಿ ಸರ್ಕಾರದವರು ಈಗ ಅಡ್ಡಕಟ್ಟೆ ಕಟ್ಟಿ, ಮೇಲಿನ ನೀರಿನಿಂದ ಟ್ರೌಟನ್ನು ತೆಗೆದುಹಾಕಿ ನಾಡಮೀನಿಗೆ ಜಾಗ ಮಾಡಿಕೊಟ್ಟಿದ್ದಾರೆ. ಇಂಥ ಕೆಲಸಕ್ಕೆ ಗಾಳಗಾರರು ಮುನಿಯಬಾರದು. ಮುಂದೆ ನಿಂತು ಮಾಡಿಸಬೇಕು. ಸಾವಿರಾರು ಮೈಲಿ ಹೊಳೆ ಟ್ರೌಟಿಗೆ ಇರುವಾಗ, ನೆತ್ತಿಯ ನಾಲ್ಕು ತೊರೆಗಳನ್ನು ಮೂಲದವರಿಗೆ ಬಿಟ್ಟುಕೊಡಲು ಕಣ್ಣೀರು ಹಾಕುವವನ ಪ್ರಕೃತಿಪ್ರೇಮದಲ್ಲಿ ನನಗೆ ನಂಬಿಕೆಯಿಲ್ಲ.

ನೋವಿನ ಮಾತೂ ಉಂಟು. ಅದನ್ನು ಜಾರಿಸಿಕೊಂಡು ಹೋಗುವುದು ತರವಲ್ಲ. ಮೀನಿಗೆ ನೋವಿಲ್ಲವೆಂಬ ನಂಬಿಕೆ ಗಾಳಗಾರರಿಗೆ ಬಹಳ ಕಾಲ ಅನುಕೂಲವಾಗಿತ್ತು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಲ್ಲಿ ಮಾಡಿದ ಪ್ರಯೋಗದಲ್ಲಿ ತುಟಿಗೆ ಆಮ್ಲ ಚುಚ್ಚಿಸಿಕೊಂಡ ಕಾಮನಬಿಲ್ಲಿನ ಟ್ರೌಟುಗಳು ತುಟಿಯನ್ನು ಜಲ್ಲಿಕಲ್ಲಿಗೆ ಉಜ್ಜಿದವು, ಮೇವಿಗೆ ಬಾಯಿಡಲು ಬಹಳ ಹೊತ್ತು ಹಿಂಜರಿದವು. ವಾದ ಇನ್ನೂ ನಿಂತಿಲ್ಲ. ಆದರೆ ಸಂಶಯದ ಲಾಭವನ್ನು ಮೀನಿಗೆ ಕೊಡುವುದೇ ನ್ಯಾಯ. ಸ್ವಿಟ್ಜರ್ಲೆಂಡು 2008ರ ತನ್ನ ಪ್ರಾಣಿರಕ್ಷಣೆಯ ನಿಯಮಗಳಲ್ಲಿ, ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು: ತಿನ್ನುವ ಅಗತ್ಯವಿಲ್ಲದಿದ್ದರೆ ನೋಯಿಸಬೇಡ ಎಂಬ ತರ್ಕ. ನನ್ನ ಅಧ್ಯಾಪಕ ಮಿತ್ರರ ತೀರ್ಪು ಅಲ್ಲಿ ಶಾಸನವೇ ಆಗಿದೆ! ಆದರೆ ಮೈಲಿಗೆ ನಾಲ್ಕೈದು ದೊಡ್ಡ ಮೀನುಗಳಷ್ಟೇ ಇರುವ ಹೊಳೆಗೆ ಆ ನಿಯಮವನ್ನು ಹಾಕಿದರೆ ಕೆಲವೇ ಬೇಸಗೆಗಳಲ್ಲಿ ಹೊಳೆ ಬರಿದಾದೀತು. ಮುಳ್ಳಿಲ್ಲದ ಗಾಳ, ತಣ್ಣನೆಯ ನೀರು, ನೀರಿನಿಂದ ಮೇಲೆತ್ತದ ಕೈ, ದಿನಕ್ಕೊಂದು ಮೀನು—ಇಷ್ಟಕ್ಕೆ ತೃಪ್ತನಾಗುವವನನ್ನು ನಾನು ದೂಷಿಸಲಾರೆ. ಒಂದೇ ದಿನದಲ್ಲಿ ಇಪ್ಪತ್ತು ಹಿಡಿದು ಇಪ್ಪತ್ತನ್ನೂ ಬಿಟ್ಟೆನೆಂದು ಹೇಳಿಕೊಳ್ಳುವವನು ಇಪ್ಪತ್ತು ಬಾಯಿಗಳನ್ನು ಚುಚ್ಚಿದವನು, ಅಷ್ಟೇ.

ದೂರದ ದ್ವೀಪದ ಈ ವಿಚಾರ ನಮಗೇಕೆ ಎನ್ನುವ ವಾಚಕರಿಗೆ ಕಾವೇರಿಯ ಒಂದು ಸಂಗತಿಯನ್ನು ಹೇಳಬೇಕು. ಭೀಮೇಶ್ವರಿ, ಗಾಲಿಬೋರೆಗಳ ಕಡೆ ಗಾಳದ ಶಿಬಿರಗಳಿದ್ದಾಗ ಜಗತ್ತಿನ ನಾನಾ ಕಡೆಯಿಂದ ಜನ ಬೆನ್ನುಗೂನಿನ ಮಹಸೀರಿಗಾಗಿ ಬರುತ್ತಿದ್ದರು. ಹಿಡಿದು, ತೂಗಿ, ಬರೆದಿಟ್ಟು, ಬಿಡುತ್ತಿದ್ದರು. ಅಲ್ಲಿ ಗಾಳ ನಿಂತು ಹತ್ತು ವರ್ಷಗಳ ಮೇಲಾಯಿತು. ಹೊಳೆಯಲ್ಲಿ ಮಹಸೀರ್ ಹೆಚ್ಚಲೆಂಬ ಸದುದ್ದೇಶದಿಂದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಟ್ಟಿದ್ದರು. ಅದು ಕೃಷ್ಣೆಯ ಕಡೆಯ ಮೀನು. ನಮ್ಮದೇ ನಾಡಿನದಾದರೂ ಕಾವೇರಿಗೆ ಹೊರಗಿನದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಶಿಬಿರದ ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳನ್ನೇ ಆಧಾರವಾಗಿಟ್ಟುಕೊಂಡು, ನೀಲಿರೆಕ್ಕೆಯದು ಏರುತ್ತ ಹೋದಂತೆ ಬೆನ್ನುಗೂನಿನದು ಇಳಿಯುತ್ತ ಬಂದುದನ್ನು ತೋರಿಸಿತು. ತಕ್ಕಡಿಯನ್ನು ಹಳಿದ ನಾನು ಇದನ್ನೂ ಒಪ್ಪಬೇಕು: ಹಿಡಿದು ಬಿಟ್ಟ ಆ ‘ಹುಚ್ಚರು’ ಲೆಕ್ಕವನ್ನು ಬರೆದಿಡದಿದ್ದರೆ ನಮಗೆ ಈ ನಷ್ಟ ತಿಳಿಯುತ್ತಲೇ ಇರಲಿಲ್ಲ. ಬೆನ್ನುಗೂನಿನ ಮೀನಿನ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಹೊಳೆಗೆ, ಜಲಾಶಯಕ್ಕೆ ಮೀನುಮರಿ ಬಿಡುವ ಸಮಾರಂಭಗಳು ನಮ್ಮಲ್ಲಿ ಇಂದಿಗೂ ನಡೆಯುತ್ತವೆ. ಗಣ್ಯರು ಬರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಕೊಡಪಾನ ಬಗ್ಗಿಸುತ್ತಾರೆ. ಮಾರನೆಯ ದಿನ ಪತ್ರಿಕೆಯಲ್ಲಿ ಚಿತ್ರ. ಎಷ್ಟು ಲಕ್ಷ ಮರಿಗಳೆಂಬ ಸಂಖ್ಯೆಯೂ ಅಚ್ಚಾಗುತ್ತದೆ. ಯಾವ ಜಾತಿಯ ಮರಿ, ಯಾವ ಹೊಳೆಯದು, ಬಿಡುವ ಹೊಳೆಯಲ್ಲಿ ಈಗ ಯಾರಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಮುಂದಿನ ಸಮಾರಂಭದಲ್ಲಿ ನಮ್ಮ ವಿದ್ಯಾರ್ಥಿಗಳು ಯಾರಾದರೂ ಎದ್ದುನಿಂತು ಕೇಳಲಿ.